ಬಾಗಿದ ಬೆಳಕಿನ ಟಿಂಡಾಲ್

ಶಾಲೆಯ ಪಾಠದಲ್ಲಿ ‘ಟಿಂಡಾಲ್ ಪರಿಣಾಮ’ವನ್ನು ನಾವೆಲ್ಲ ಓದಿದ್ದೇವೆ. ಜಾನ್ ಟಿಂಡಾಲ್ 1820ರಲ್ಲಿ ಐರ್ಲೆಂಡಿನ ಪೊಲೀಸ್ ಪೇದೆಯೊಬ್ಬರ ಮಗನಾಗಿ ಜನಿಸಿದರು. ಭೂಮಾಪನ ಇಲಾಖೆಯಲ್ಲಿದ್ದಾಗ ಅಲ್ಪ ಸಂಬಳವನ್ನು ಪ್ರತಿಭಟಿಸಿ ಕೆಲಸ ಕಳೆದುಕೊಂಡರು. ಆದರೂ ಕಲಿಕೆಯನ್ನು ಬಿಡದೆ, 28ರ ಹರೆಯದಲ್ಲಿ ಜರ್ಮನಿಯ ಮಾರ್ಬರ್ಗ್‌ಗೆ ತೆರಳಿ, ಪರಭಾಷೆಯಲ್ಲಿ ಪಾಠ ಕೇಳಿ ಡಾಕ್ಟರೇಟ್ ಪಡೆದರು.

1854ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ, ಬಾಗಿ ಸುರಿಯುವ ನೀರಿನ ಧಾರೆಯೊಳಗೆ ಬೆಳಕೂ ಅದರೊಡನೆ ಬಾಗಿ ಸಾಗುವುದನ್ನು ತೋರಿಸಿದರು. ಜಿನೀವಾದ ಕೊಲಾಡನ್ ಇದನ್ನು ಮೊದಲೇ ತೋರಿಸಿದ್ದರೆಂಬುದನ್ನು ನಾವು ಮರೆಯಬಾರದು. ಬೆಳಕು ಅಂಚಿನಲ್ಲಿ ಹೊರಹೋಗದೆ ಒಳಕ್ಕೇ ಪ್ರತಿಫಲಿಸುವ ಈ ತತ್ತ್ವದಿಂದಲೇ, ಉಕ್ಕನ್ನು ಕತ್ತರಿಸುವ ಪ್ರಬಲ ಲೇಸರ್ ಬೆಳಕನ್ನು ಇಂದು ಗಾಜಿನ ಎಳೆಗಳು ಹೊತ್ತೊಯ್ಯುತ್ತವೆ.

ಟಿಂಡಾಲ್ 1893ರಲ್ಲಿ ತೀರಿಕೊಂಡರು. ಉನ್ನತ ವ್ಯಾಸಂಗದ ಹೊಸ್ತಿಲಲ್ಲಿ ಪರಭಾಷೆಗೆ ಅಂಜಿ ನಿಲ್ಲುವ ನಮ್ಮ ಮಕ್ಕಳಿಗೆ ಅವರ ಬಾಳು ಧೈರ್ಯ ತುಂಬಲಿ.