ಜೀವನವಿಡೀ ಸಮಾಧಿಗಲ್ಲು ಉಳಿಸಿದ ಕಲ್ಲುಕುಟಿಗ. ಆತನ ಸಮಾಧಿಗೇ 68 ವರ್ಷ ಕಲ್ಲಿರಲಿಲ್ಲ!

ಸರ್ ವಾಲ್ಟರ್ ಸ್ಕಾಟ್ ಹೆಸರು ಕೇಳಿದವರು ನಮ್ಮಲ್ಲೂ ಸಾಕಷ್ಟು ಮಂದಿ ಇದ್ದಾರೆ. 1816ರಲ್ಲಿ ಬಂದ ಆತನ ‘ಓಲ್ಡ್ ಮಾರ್ಟಾಲಿಟಿ’ ಕಾದಂಬರಿಗೆ ಆ ಹೆಸರು ಸಿಕ್ಕಿದ್ದು ಒಬ್ಬ ಕಲ್ಲುಕುಟಿಗನಿಂದ ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಜನ ಪ್ರೀತಿಯಿಂದಲೋ ತಮಾಷೆಗೋ ಹಾಗೆ ಕರೆಯುತ್ತಿದ್ದ ಆ ವ್ಯಕ್ತಿಯ ನಿಜವಾದ ಹೆಸರು ರಾಬರ್ಟ್ ಪ್ಯಾಟರ್ಸನ್. ಸ್ಕಾಟ್ಲೆಂಡ್‌ನ ಊರೂರು ತಿರುಗಿ, ಪಾಚಿ ಹತ್ತಿದ ಸಮಾಧಿಗಲ್ಲುಗಳನ್ನು ಉಜ್ಜಿ, ಅಳಿಸಿಹೋಗುತ್ತಿದ್ದ ಅಕ್ಷರಗಳನ್ನು ಉಳಿಯಿಂದ ಮತ್ತೆ ಕೆತ್ತುತ್ತಾ ಸುಮಾರು 40 ವರ್ಷ ಕಳೆದಾತ.

ಯಾರ ಸಮಾಧಿಗಳವು? 17ನೇ ಶತಮಾನದ ಸ್ಕಾಟ್ಲೆಂಡ್‌ನಲ್ಲಿ ಚರ್ಚ್ ವಿಚಾರದಲ್ಲಿ ರಾಜ ತಲೆಹಾಕಬಾರದು ಎಂದು ಹಠ ಹಿಡಿದ ಜನರಿದ್ದರು. 1638ರಲ್ಲಿ ಒಂದು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದ್ದರಿಂದ ಅವರನ್ನು ಕವನೆಂಟರ್‌ಗಳು ಎನ್ನುತ್ತಾರೆ. ಎರಡನೇ ಚಾರ್ಲ್ಸ್ 1660ರಲ್ಲಿ ಮರಳಿ ಅಧಿಕಾರಕ್ಕೆ ಬಂದ ಮೇಲೆ ಅವರ ಪಾದ್ರಿಗಳನ್ನು ಚರ್ಚ್‌ಗಳಿಂದ ಹೊರಹಾಕಲಾಯಿತು. ಜನ ಗುಡ್ಡ, ಬಯಲಿನಲ್ಲಿ ಕದ್ದು ಪ್ರಾರ್ಥನೆಗೆ ಸೇರತೊಡಗಿದರು. ಸೈನಿಕರ ಕೈಗೆ ಸಿಕ್ಕ ಹಲವರು ಅಲ್ಲೇ ಗುಂಡಿಗೆ ಬಲಿಯಾದರು. 1680ರ ದಶಕವನ್ನು ಸ್ಕಾಟ್ಲೆಂಡ್ ಜನ ಇಂದಿಗೂ ಕೊಲೆಗಳ ಕಾಲವೆಂದೇ ನೆನೆಯುತ್ತಾರೆ. 1688ರಲ್ಲಿ ರಾಜನೇ ಬದಲಾದ ನಂತರ ಸತ್ತವರ ಕಡೆಯವರು ಅಲ್ಲಲ್ಲಿ ಕಲ್ಲು ನೆಟ್ಟರು. ಕೆಲವು ಚರ್ಚ್ ಅಂಗಳದಲ್ಲಿ, ಕೆಲವು ಜನಸಂಚಾರವೇ ಇಲ್ಲದ ಗುಡ್ಡಗಳಲ್ಲಿ. ಮಳೆ, ಗಾಳಿ, ಪಾಚಿಯ ನಾಡದು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಹೆಸರುಗಳು ಮಾಸತೊಡಗಿದ್ದವು.

ಪ್ಯಾಟರ್ಸನ್ ಹುಟ್ಟಿದ್ದು ಸುಮಾರು 1715ರಲ್ಲಿ, ಹಾವಿಕ್ ಪಟ್ಟಣದ ಬಳಿ. ಕಲ್ಲುಕೆಲಸ ಕಲಿತು, ಎಲಿಜಬೆತ್ ಗ್ರೇಯನ್ನು ಮದುವೆಯಾದ. ಆಕೆ ಸಿರಿವಂತರ ಮನೆಯಲ್ಲಿ ಅಡುಗೆ ಕೆಲಸದಲ್ಲಿದ್ದವಳು. ಆ ಯಜಮಾನರ ನೆರವಿನಿಂದಲೇ ಡಮ್‌ಫ್ರೀಸ್ ಸೀಮೆಯ ಗೇಟ್‌ಲಾಬ್ರಿಡ್ಜ್‌ನಲ್ಲಿ ಪ್ಯಾಟರ್ಸನ್‌ಗೆ ಒಂದು ಕಲ್ಲುಗಣಿ ಗುತ್ತಿಗೆಗೆ ಸಿಕ್ಕಿತು. ಮನೆ, ಮಕ್ಕಳು, ಕೈತುಂಬ ಕೆಲಸ ಎಲ್ಲವೂ ಇತ್ತು. ಆತ ಕವನೆಂಟರ್‌ಗಳಲ್ಲೇ ಅತಿ ಕಟ್ಟಾ ಗುಂಪಿಗೆ ಸೇರಿದವನು. ಬಾಯಿಯೂ ಜೋರು. ಜಾಕೊಬೈಟ್ ದಂಗೆಯ ಸೈನ್ಯ ಇಂಗ್ಲೆಂಡ್‌ನಿಂದ ಹಿಮ್ಮೆಟ್ಟುತ್ತಾ ಆ ದಾರಿಯಲ್ಲಿ ಬಂದಾಗ ಏನೋ ಅಂದು, ಮನೆ ಲೂಟಿ ಮಾಡಿಸಿಕೊಂಡು, ಸ್ವಲ್ಪ ದೂರ ಸೆರೆಯಾಳಾಗಿಯೂ ಹೋಗಿಬಂದ.

ಮೊದಮೊದಲು ಹುತಾತ್ಮರ ಸಮಾಧಿಗೆ ಒಂದು ಕಲ್ಲು ಮಾಡಿಕೊಟ್ಟು ಮನೆಗೆ ಮರಳುತ್ತಿದ್ದ. ಬರಬರುತ್ತಾ ಹೊರಗೇ ಉಳಿಯುವ ದಿನಗಳು ಹೆಚ್ಚಿದವು. 1758ರ ಹೊತ್ತಿಗೆ ಮನೆಗೆ ಬರುವುದನ್ನೇ ಬಿಟ್ಟ.

ಎಲಿಜಬೆತ್ ಕಾದಳು. ಆಮೇಲೆ 12 ವರ್ಷದ ಹಿರಿಮಗ ವಾಲ್ಟರ್‌ನನ್ನು ಅಪ್ಪನನ್ನು ಹುಡುಕಲು ಕಳಿಸಿದಳು. ಹುಡುಗ ಗ್ಯಾಲೊವೇ ಸೀಮೆಯನ್ನೆಲ್ಲ ಅಲೆದು, ಕೊನೆಗೆ ಡೀ ನದಿಯ ದಡದ ಕರ್ಕ್‌ಕ್ರೈಸ್ಟ್ ಎಂಬಲ್ಲಿನ ಹಳೇ ಚರ್ಚ್ ಅಂಗಳದಲ್ಲಿ ಅಪ್ಪನನ್ನು ಕಂಡ. ಅಪ್ಪ ಕಲ್ಲು ಕೆತ್ತುತ್ತಿದ್ದ. ಮಗ ಎಷ್ಟು ಬೇಡಿಕೊಂಡರೂ ಬರಲಿಲ್ಲ. ಎಲಿಜಬೆತ್ ಹೆಣ್ಣುಮಕ್ಕಳನ್ನೂ ಕಳಿಸಿ ನೋಡಿದಳು, ಅದೂ ಫಲಿಸಲಿಲ್ಲ. 1768ರಲ್ಲಿ ಆಕೆ ಬಾಲ್‌ಮಕ್ಲೆಲನ್ ಎಂಬ ಹಳ್ಳಿಗೆ ಹೋಗಿ, ಪುಟ್ಟ ಶಾಲೆ ನಡೆಸಿ, ಅದರ ಅಲ್ಪ ಗಳಿಕೆಯಲ್ಲಿ ಮಕ್ಕಳನ್ನು ಸಾಕಿದಳು. ಪ್ಯಾಟರ್ಸನ್‌ನನ್ನು ಹೊಗಳುವ ಬರಹಗಳು ಈ ಶಾಲೆಯ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಆತ ಕಾಸು ಕೇಳದೆ ಕಲ್ಲು ಕೆತ್ತಲು ಸಾಧ್ಯವಾಗಿದ್ದರ ಹಿಂದೆ ಈಕೆಯ ದುಡಿಮೆಯೂ ಇತ್ತು.

ಹೌದು, ಆತ ಈ ಕೆಲಸಕ್ಕೆ ಹಣ ಮುಟ್ಟುತ್ತಿರಲಿಲ್ಲ. ಆ ಪಂಥದವರ ಮನೆಗಳಲ್ಲಿ ಊಟ, ಮಲಗಲು ಜಾಗ ಸಿಗುತ್ತಿತ್ತು. ಜೊತೆಗೊಂದು ಬಿಳಿ ಕುದುರೆ. ಆತ ಕೆತ್ತುವಾಗ ಅದು ಸಮಾಧಿಗಳ ನಡುವೆ ಹುಲ್ಲು ಮೇಯುತ್ತಿತ್ತು.

ಇಂದಿನ ಸಂರಕ್ಷಣಾ ತಜ್ಞರಿಗೆ ಆತನ ವಿಧಾನ ಒಪ್ಪಿಗೆಯಾಗಲಿಕ್ಕಿಲ್ಲ. ಹಳೇ ಅಕ್ಷರದ ಮೇಲೆ ಹೊಸದಾಗಿ ಉಳಿ ಆಡಿಸಿದರೆ ಮೂಲ ಕೆತ್ತನೆ ಹೋಗಿಬಿಡುತ್ತದೆ, ತಪ್ಪಾಗಿ ಓದಿದ್ದರೆ ಆ ತಪ್ಪೇ ಶಾಶ್ವತವಾಗುತ್ತದೆ. ಈಗ ಮೆದು ಬ್ರಷ್, ಬರೀ ನೀರು, ಮೊದಲು ಫೋಟೊ ದಾಖಲೆ ಎನ್ನುತ್ತಾರೆ. ಆದರೆ ಕ್ಯಾಮೆರಾ ಇಲ್ಲದ ಆ ಕಾಲದಲ್ಲಿ ಹೆಸರು ಉಳಿಸಲು ಕಲ್ಲುಕುಟಿಗನಿಗೆ ಬೇರೆ ದಾರಿ ಏನಿತ್ತು? ಇಂದು ಈ ಕಲ್ಲುಗಳ ಕಾಳಜಿಯನ್ನು 1966ರಲ್ಲಿ ಹುಟ್ಟಿದ ಸ್ಕಾಟಿಷ್ ಕವನೆಂಟರ್ ಮೆಮೋರಿಯಲ್ಸ್ ಅಸೋಸಿಯೇಷನ್ ಹೊತ್ತುಕೊಂಡಿದೆ.

1790ರ ದಶಕದಲ್ಲಿ ಯುವಕ ಸ್ಕಾಟ್ ಡನೊಟರ್‌ನ ಚರ್ಚ್ ಅಂಗಳದಲ್ಲಿ ಈತನನ್ನು ನೋಡಿದ. 1685ರಲ್ಲಿ ಅಲ್ಲಿನ ಕೋಟೆಯ ನೆಲಮಾಳಿಗೆಯಲ್ಲಿ ಕೂಡಿಹಾಕಲ್ಪಟ್ಟು ಸತ್ತವರ ಕಲ್ಲನ್ನು ಮುದುಕ ಶುಚಿಮಾಡುತ್ತಿದ್ದ. ಆ ಒಂದು ಭೇಟಿಯೇ ಮುಂದೆ ಕಾದಂಬರಿಯ ಮೊದಲ ಅಧ್ಯಾಯವಾಯಿತು. ಕಾದಂಬರಿಯ ಖ್ಯಾತಿ ಎಷ್ಟೆಂದರೆ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲಾರೆಲ್ ಹಿಲ್ ಸ್ಮಶಾನದ ಬಾಗಿಲಲ್ಲೇ ಪ್ಯಾಟರ್ಸನ್, ಸ್ಕಾಟ್ ಮತ್ತು ಆ ಕುದುರೆಯ ಶಿಲ್ಪಗಳಿವೆ.

ಅಷ್ಟು ಹೆಸರು ಬರುವ ಮೊದಲೇ ಪ್ಯಾಟರ್ಸನ್ ತೀರಿಕೊಂಡಿದ್ದ. 1801ರ ಫೆಬ್ರವರಿಯಲ್ಲಿ, 85ರ ಆಸುಪಾಸಿನ ವಯಸ್ಸಿನಲ್ಲಿ ದಾರಿಯಲ್ಲೇ ಕುಸಿದು ಬಿದ್ದ. ಪಕ್ಕದಲ್ಲಿ ಕುದುರೆ ನಿಂತಿತ್ತು. ಜೇಬಿನಲ್ಲಿ ತನ್ನ ಅಂತ್ಯಕ್ರಿಯೆಗೆ ಸಾಲುವಷ್ಟು ಹಣವಿತ್ತು. ಆತನ ಜೀವನದ ವಿವರಗಳನ್ನು ಸ್ಕಾಟ್‌ಗೆ ತಲುಪಿಸಿದ್ದು ಜೋಸೆಫ್ ಟ್ರೇನ್ ಎಂಬ ಮಿತ್ರ. ಟ್ರೇನ್‌ಗೆ ಅವನ್ನು ಹೇಳಿದ್ದು ಬಾಲ್‌ಮಕ್ಲೆಲನ್‌ನಲ್ಲೇ ಉಳಿದಿದ್ದ ಮಗ ರಾಬರ್ಟ್, ಅಪ್ಪ ಬಿಟ್ಟುಹೋದ ಮಕ್ಕಳಲ್ಲಿ ಒಬ್ಬ.

ಸ್ಮಾರಕ ಕಟ್ಟಿಸಬೇಕೆಂದು ಸ್ಕಾಟ್ ಆತನ ಸಮಾಧಿಗಾಗಿ ಹುಡುಕಿಸಿದ, ಸಿಗಲಿಲ್ಲ. ಕೇರ್‌ಲಾವರಾಕ್ ಚರ್ಚ್ ಅಂಗಳದಲ್ಲಿ ಹೂತಿದ್ದಾರೆಂದು ತಿಳಿದ ಮೇಲೆ 1869ರಲ್ಲಿ ಅಲ್ಲೊಂದು ಕಲ್ಲು ನಿಂತಿತು. ಅದನ್ನು ನಿಲ್ಲಿಸಿದ್ದು ಆಗ ಸ್ಕಾಟ್ ಕೃತಿಗಳ ಹಕ್ಕು ಹೊಂದಿದ್ದ ಪ್ರಕಾಶಕರು.