ಬಾಲನಟನ ದನಿ ಒಡೆದ ಮೇಲೆ

ಕಿರುತೆರೆಯ ವೇದಿಕೆಗಳಲ್ಲಿ ಹಾಡಿ, ಕುಣಿದು, ಅಭಿನಯಿಸುವ ಪುಟ್ಟ ಮಕ್ಕಳನ್ನು ಕಂಡು ನಾವು ಬೆರಗಾಗುತ್ತೇವೆ. ತೀರ್ಪುಗಾರರು ಕಣ್ಣೊರೆಸಿಕೊಳ್ಳುತ್ತಾರೆ, ತಂದೆತಾಯಿಗಳು ಹೆಮ್ಮೆಯಿಂದ ಬೀಗುತ್ತಾರೆ. ಆದರೆ ಅದೇ ಮಕ್ಕಳು ಹದಿನೈದು ದಾಟಿ, ಮೀಸೆ ಚಿಗುರಿ, ದನಿ ಒಡೆದ ಮೇಲೆ ಎಲ್ಲಿ ಹೋದರೆಂದು ವಿಚಾರಿಸುವವರು ವಿರಳ. ಈ ಪ್ರಶ್ನೆ ಟೀವಿಯ ಜೊತೆ ಹುಟ್ಟಿದ್ದಲ್ಲ. ನೂರು ವರ್ಷಗಳ ಹಿಂದೆ ಧಾರವಾಡ ಸೀಮೆಯ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚುತ್ತಿದ್ದ ಹುಡುಗರ ಮುಂದೆಯೂ ಅದು ಇತ್ತು. ಬಹುತೇಕರಿಗೆ ಉತ್ತರ ಸಿಗಲಿಲ್ಲ. ಉತ್ತರ ಕಂಡುಕೊಂಡ ಒಬ್ಬರ ಹೆಸರು ಮಲ್ಲಿಕಾರ್ಜುನ ಮನಸೂರ.

ಮನಸೂರರನ್ನು ನಾವು ನೆನೆಯುವುದು ಜೈಪುರ-ಅತ್ರೌಲಿ ಘರಾಣೆಯ ಮಹಾಗಾಯಕರೆಂದು; ಪದ್ಮವಿಭೂಷಣ ಪುರಸ್ಕೃತರೆಂದು. ಬಿಳಿ ಪಂಚೆ, ಟೋಪಿ, ತೆಳ್ಳನೆಯ ಮೈ, ಷಡ್ಜಕ್ಕೆ ದನಿ ಕೂಡಿಸಿದೊಡನೆ ಸಭೆಯನ್ನು ನಿಶ್ಶಬ್ದಗೊಳಿಸುತ್ತಿದ್ದ ಆ ಮುಖ. ಅವರ ಮುಪ್ಪಿನ ಈ ಚಿತ್ರವೇ ನಮ್ಮ ಮನಸ್ಸಿನಲ್ಲಿ ಉಳಿದಿದೆ. ಅವರ ಸಾರ್ವಜನಿಕ ಜೀವನ ಆರಂಭವಾದದ್ದು ಸಂಗೀತ ಕಛೇರಿಯಲ್ಲಲ್ಲ, ನಾಟಕದ ಪರದೆಯ ಹಿಂದೆ, ಒಂಬತ್ತು ವರ್ಷದ ಬಾಲನಟನಾಗಿ ಎಂಬುದು ಅನೇಕರಿಗೆ ಮರೆತೇಹೋಗಿದೆ.

ಆ ಕಾಲದ ಅವಿಭಜಿತ ಧಾರವಾಡ ಜಿಲ್ಲೆ ದೊಡ್ಡದು. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ತಾಲ್ಲೂಕುಗಳೆಲ್ಲ ಅದರೊಳಗೇ ಇದ್ದವು. ಸವಣೂರು ಮಾತ್ರ 1948ರವರೆಗೆ ನವಾಬರ ಪುಟ್ಟ ಸಂಸ್ಥಾನವಾಗಿತ್ತು. ಕನ್ನಡ ವೃತ್ತಿರಂಗಭೂಮಿಗೆ ಈ ನೆಲದ ಋಣ ಸಣ್ಣದಲ್ಲ. ಮರಾಠಿ ನಾಟಕಗಳ ಭರಾಟೆಯ ನಡುವೆ ಕನ್ನಡದಲ್ಲಿ ನಾಟಕ ಬರೆದು, ಗದುಗಿನಲ್ಲಿ ಮಂಡಳಿ ಕಟ್ಟಿ ಆಡಿಸಿದ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು, 1856ರಲ್ಲಿ ಹುಟ್ಟಿದ್ದು ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯಲ್ಲಿ. ಅವರ ನಂತರ ಒಂದು ತಲೆಮಾರು ಕಳೆಯುವಷ್ಟರಲ್ಲಿ ಕಂಪನಿಗಳು ಊರಿಂದೂರಿಗೆ ಸಾಗತೊಡಗಿದ್ದವು. ಜಾತ್ರೆ, ಸಂತೆ, ಸುಗ್ಗಿಯ ಲೆಕ್ಕ ನೋಡಿ ಮೊಕ್ಕಾಂ ಹೂಡುವುದು, ತಗಡಿನ ಥಿಯೇಟರು ಎಬ್ಬಿಸುವುದು, ಕಲೆಕ್ಷನ್ ಇಳಿದೊಡನೆ ಗಂಟುಮೂಟೆ ಕಟ್ಟುವುದು. ಮನರಂಜನೆಯೆಂದರೆ ಅದೇ ಆಗಿದ್ದ ಕಾಲ.

ಈ ಕಂಪನಿಗಳಿಗೆ ಎಳೆಯ ಹುಡುಗರು ಬೇಕೇಬೇಕಾಗಿತ್ತು. ಪೌರಾಣಿಕ ನಾಟಕವೆಂದ ಮೇಲೆ ಪ್ರಹ್ಲಾದ, ಧ್ರುವ, ಲೋಹಿತಾಶ್ವ, ಬಾಲಕೃಷ್ಣ ಇದ್ದೇ ಇರುತ್ತಾರೆ. ಸ್ತ್ರೀಯರು ರಂಗಕ್ಕೆ ಬರುವುದು ಅಪರೂಪವಾಗಿದ್ದ ದಿನಗಳಲ್ಲಿ ಸ್ತ್ರೀಪಾತ್ರಗಳೂ ಮೃದುಕಂಠದ ಹುಡುಗರ ಪಾಲೇ. ಮೈಕು ಬಂದಿರದ ಕಾಲವಾದ್ದರಿಂದ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಮೇಲಿನ ಶ್ರುತಿಯಲ್ಲಿ ಹಾಡಬಲ್ಲ ಹುಡುಗನೆಂದರೆ ಮಾಲೀಕನ ಪಾಲಿಗೆ ಚಿನ್ನದ ಗಣಿ. ಒಂದು ಪದಕ್ಕೆ ಹತ್ತು ಸಲ ಒನ್ಸ್ ಮೋರ್ ಬಿದ್ದರೂ ಹಾಡಲೇಬೇಕು. ರಾತ್ರಿ ಆರಂಭವಾದ ಆಟ ಮುಗಿಯುವುದು ಬೆಳಗಿನ ಜಾವ. ಹಗಲು ನಿದ್ದೆ, ಸಂಜೆ ತಾಲೀಮು. ಶಾಲೆಯ ಮಾತೇ ಇಲ್ಲ. ಬದಲಿಗೆ ಸಿಕ್ಕುತ್ತಿದ್ದುದು ಎರಡು ಹೊತ್ತಿನ ಊಟ, ಮಲಗಲು ಜಾಗ, ಬಂದರೆ ಬಂತು ಎನ್ನುವಂಥ ಪಗಾರ.

ಹೀಗೆ ಹತ್ತನೆಯ ವಯಸ್ಸಿಗೆ ಊರೆಲ್ಲ ಹೆಸರಾದ ಹುಡುಗ ಹದಿನಾಲ್ಕು-ಹದಿನೈದಕ್ಕೆ ಬರುವಾಗ ಪ್ರಕೃತಿಯೇ ಅವನ ಮೇಲೆ ತಿರುಗಿಬೀಳುತ್ತಿತ್ತು. ದನಿ ಒಡೆಯುವುದು ಎಲ್ಲ ಗಂಡುಮಕ್ಕಳಿಗೂ ಸಹಜ. ಆದರೆ ದನಿಯನ್ನೇ ಅನ್ನಕ್ಕೆ ನೆಚ್ಚಿದವನಿಗೆ ಅದೊಂದು ದುರಂತ. ಪ್ರಹ್ಲಾದನಾಗಲು ಎತ್ತರ ಹೆಚ್ಚಾಯಿತು, ಹಿರಣ್ಯಕಶಿಪುವಾಗಲು ಗಾತ್ರ ಸಾಲದು. ಅವನ ಜಾಗಕ್ಕೆ ಇನ್ನೊಬ್ಬ ಎಳೆಯ ಬಂದಿರುತ್ತಾನೆ. ಓದು ಇಲ್ಲ, ಹೊಲದ ಕೆಲಸ ಮರೆತುಹೋಗಿದೆ. ಅಂಥವರು ಪರದೆ ಎಳೆಯುತ್ತ, ಬಣ್ಣ ಅರೆಯುತ್ತ, ಟಿಕೆಟ್ಟು ಹರಿಯುತ್ತ ಕಂಪನಿಯಲ್ಲೇ ಸವೆದರು. ಇಲ್ಲವೆ ಊರಿಗೆ ಮರಳಿ ಹೆಸರಿಲ್ಲದವರಾದರು. ರಂಗಭೂಮಿಯ ಇತಿಹಾಸ ಬರೆದವರು ಇವರ ಲೆಕ್ಕ ಇಟ್ಟಿಲ್ಲ.

ಮಲ್ಲಿಕಾರ್ಜುನ ಹುಟ್ಟಿದ್ದು 1910ರ ಡಿಸೆಂಬರ್ 31ರಂದು, ಧಾರವಾಡದ ಪಶ್ಚಿಮಕ್ಕೆ ಕೆಲವೇ ಮೈಲಿ ದೂರದ ಮನಸೂರಿನಲ್ಲಿ. ತಂದೆ ಭೀಮರಾಯಪ್ಪ ಒಕ್ಕಲುತನದವರು, ತಾಯಿ ನೀಲಮ್ಮ. ಮನೆ ತುಂಬ ಮಕ್ಕಳು. ಅವರಿಗಿಂತ ಒಂದು ವರ್ಷ ಮೊದಲು, 1909ರಲ್ಲಿ, ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಶಾಲೆ, ಕಾಲೇಜುಗಳ ಮೆಟ್ಟಿಲೇರಿ ಆಕ್ಸ್‌ಫರ್ಡ್ ತಲುಪಿದರು. ಒಂದೇ ಸೀಮೆಯ ಇನ್ನೊಬ್ಬ ಹುಡುಗ ಹಿಡಿದದ್ದು ನಾಟಕ ಕಂಪನಿಯ ಗಾಡಿ. ಅಣ್ಣ ಬಸವರಾಜ ಆಗಲೇ ರಂಗದ ನಂಟು ಬೆಳೆಸಿಕೊಂಡಿದ್ದರು. ತಮ್ಮನ ಕಂಠದಲ್ಲಿ ಏನೋ ಇದೆಯೆಂದು ಮನೆಯವರಿಗೂ ಅನ್ನಿಸಿತ್ತು. ಹೀಗೆ ಪಾಟಿ ಬಿಟ್ಟ ಕೈಗೆ ಬಣ್ಣ ಬಂತು.

ಹುಡುಗ ಬೇಗ ಜನಪ್ರಿಯನಾದ. ಕಂಪನಿಯ ಯಜಮಾನರು ಆ ದನಿಯನ್ನು ಮೆಚ್ಚಿ ಬಗೆಬಗೆಯ ಪದ ಹಾಡಿಸಿದರು. ಆಗ ಅವನ ಹಾಡು ಕೇಳಿದ ಅಪ್ಪಯ್ಯಸ್ವಾಮಿಗಳು ಅವನಿಗೆ ಕರ್ನಾಟಕ ಸಂಗೀತದ ಮೊದಲ ಪಾಠ ಹೇಳಿದರು. ಆಮೇಲೆ ಕಿವಿಗೊಟ್ಟವರು ಮೀರಜಿನ ನೀಲಕಂಠಬುವಾ ಆಲೂರಮಠ, ಗ್ವಾಲಿಯರ್ ಘರಾಣೆಯ ಪಂಡಿತರು. ಹುಡುಗ ನಾಟಕದಲ್ಲಿ ಹಾಡಿ ಮುಗಿಸುವವನಲ್ಲ, ಇವನಿಗೆ ಕ್ರಮವಾದ ಶಿಕ್ಷಣ ಬೇಕು ಎಂಬುದು ಅವರಿಗೆ ಹೊಳೆಯಿತು. ಮನಸೂರರ ಬದುಕು ತಿರುಗಿದ್ದು ಇಲ್ಲಿ. ಕಂಪನಿಯ ದೃಷ್ಟಿಯಲ್ಲಿ ಇದು ನಷ್ಟದ ಬಾಬತ್ತು. ಟಿಕೆಟ್ಟು ಮಾರಿಸುವ ಹುಡುಗನನ್ನು ಬಿಟ್ಟುಕೊಡುವುದು ಯಾವ ಕಾಲಕ್ಕೂ ಸುಲಭವಲ್ಲ. ಆದರೂ ಹುಡುಗ ರಂಗದ ಕೈಬಿಟ್ಟು ಗುರುವಿನ ಮನೆ ಸೇರಿದ. ಚಪ್ಪಾಳೆ ಇಲ್ಲ, ಒನ್ಸ್ ಮೋರ್ ಇಲ್ಲ. ತಂಬೂರಿ, ಖ್ಯಾಲು, ಒಂದೇ ರಾಗವನ್ನು ತಿಂಗಳುಗಟ್ಟಲೆ ತಿದ್ದುವ ದಿನಚರಿ.

ಇದೇ ನೀಲಕಂಠಬುವಾ ಅವರ ಇನ್ನೊಬ್ಬ ಶಿಷ್ಯರು ಹಾನಗಲ್ ತಾಲ್ಲೂಕಿನವರು. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ, ಕಣ್ಣಿಲ್ಲದ ಗದಿಗೆಯ್ಯ ಎಂಬ ಹುಡುಗನನ್ನು ಹಾನಗಲ್ಲಿನ ಕುಮಾರಸ್ವಾಮಿಗಳು ಗುರುತಿಸಿ ಆಶ್ರಯ ಕೊಟ್ಟರು. ಅವರೇ ಮುಂದೆ ಪಂಚಾಕ್ಷರ ಗವಾಯಿಗಳಾದರು. ಕುತೂಹಲದ ಸಂಗತಿಯೆಂದರೆ, ಮನಸೂರರು ನಾಟಕದಿಂದ ಸಂಗೀತಕ್ಕೆ ನಡೆದ ಹಾದಿಯಲ್ಲಿ ಗವಾಯಿಗಳು ಎದುರಿನಿಂದ ಬಂದರು. ಅಂಧ ಮತ್ತು ಅನಾಥ ಮಕ್ಕಳ ಅನ್ನಕ್ಕಾಗಿ, ಪಾಠಶಾಲೆಯ ಖರ್ಚಿಗಾಗಿ ಅವರ ಆಶ್ರಯದಲ್ಲೇ ನಾಟಕ ಕಂಪನಿ ಹುಟ್ಟಿತು. ಅದಕ್ಕೆ ನಾಟಕ ಬರೆದವರು ಈಗಿನ ಹಾವೇರಿ ಜಿಲ್ಲೆಯ ದೇವಗಿರಿಯಿಂದ ಬಂದ ಪುಟ್ಟರಾಜರು. ಅಲ್ಲಿ ನಾಟಕ ಶಾಲೆಯನ್ನು ಸಾಕಿತು. ಬೇರೆ ಕಂಪನಿಗಳಲ್ಲಿ ಅದು ಶಾಲೆಯನ್ನು ನುಂಗಿತ್ತು. ಈ ವ್ಯತ್ಯಾಸವನ್ನು ನಮ್ಮ ರಂಗ ಚರಿತ್ರೆಕಾರರು ಇನ್ನಷ್ಟು ಗಮನಿಸಬೇಕಾಗಿತ್ತು.

ಕುಂದಗೋಳ ತಾಲ್ಲೂಕಿನ ಯಲಿವಾಳದ ಬಸವರಾಜ ರಾಜಗುರು ಇದೇ ಕವಲಿನವರು. ಶಿಗ್ಗಾಂವಿ, ಸವಣೂರುಗಳಿಗೆ ನೆರೆಯ ಸೀಮೆ ಅದು. ಸುತ್ತಮುತ್ತ ನಾಟಕ ಎಲ್ಲಿ ನಡೆದರೂ ಹೋಗಿ, ಹಾಡಲು ಅವಕಾಶ ಸಿಕ್ಕೀತೇ ಎಂದು ಕಾಯುತ್ತಿದ್ದ ಹುಡುಗನನ್ನು ವಾಮನರಾವ್ ಮಾಸ್ತರರು ತಮ್ಮ ಕಂಪನಿಗೆ ಸೇರಿಸಿಕೊಂಡರು. ಹದಿಮೂರರಲ್ಲಿ ತಂದೆ ತೀರಿಕೊಂಡಾಗ ಆ ಬದುಕೂ ದಿಕ್ಕುಗೆಡಬಹುದಾಗಿತ್ತು. ಪಂಚಾಕ್ಷರ ಗವಾಯಿಗಳು ಸಿಕ್ಕಿದ್ದರಿಂದ ಕೆಡಲಿಲ್ಲ. ಇಬ್ಬರದೂ ಒಂದೇ ಕಥೆ: ದನಿ ಒಡೆಯುವ ಹೊತ್ತಿಗೆ ಸರಿಯಾಗಿ ಒಬ್ಬ ಗುರು.

ಆದರೆ ಬಾಲನಟನೊಬ್ಬ ದೊಡ್ಡವನಾಗುವುದು ಒಮ್ಮೆಗೇ ಮುಗಿಯುವ ಕೆಲಸವಲ್ಲವೆಂದು ಮನಸೂರರ ಮುಂದಿನ ವರ್ಷಗಳು ತೋರಿಸುತ್ತವೆ. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಅವರ ಹಾಡುಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ತಂದಿತು. ಇಪ್ಪತ್ತರ ಹರೆಯದಲ್ಲಿ ಹೆಸರು, ಕಛೇರಿ, ಒಂದಿಷ್ಟು ಹಣ ಎಲ್ಲವೂ ಕೈಗೆಟುಕಿದ್ದವು. ಬಾಲ್ಯದಿಂದಲೇ ಮೆಚ್ಚುಗೆಯ ರುಚಿ ಕಂಡವನು ಅಲ್ಲಿಗೇ ನಿಲ್ಲುವುದು ಸಹಜ. ಅವರು ನಿಲ್ಲಲಿಲ್ಲ. ಜೈಪುರ-ಅತ್ರೌಲಿ ಘರಾಣೆಯ ಹಿರಿಯ ಅಲ್ಲಾದಿಯಾ ಖಾನರ ಬಳಿಗೆ ಹೋಗಿ, ಅವರ ಮಗ ಮಂಜಿ ಖಾನರಲ್ಲಿ ಶಿಷ್ಯರಾದರು. ಅಂದರೆ ಅದಾಗಲೇ ಹೆಸರು ಮಾಡಿದ್ದ ಗಾಯಕ ತನಗೆ ಬರುತ್ತಿದ್ದುದನ್ನೆಲ್ಲ ಬದಿಗಿಟ್ಟು ಮತ್ತೆ ಮೊದಲಿನಿಂದ ಕಲಿಯತೊಡಗಿದರು. ಜೈಪುರದ ಹಾದಿ ಸುಲಭದ್ದಲ್ಲ. ಅಪರೂಪದ ರಾಗಗಳು, ಜೋಡುರಾಗಗಳು, ಉಸಿರು ಬಿಡಲು ಎಡೆಗೊಡದ ಸುರುಳಿ ತಾನಗಳು. ಆ ಕಲಿಕೆ ಹಿಡಿತಕ್ಕೆ ಬರುವಷ್ಟರಲ್ಲೇ, 1937ರಲ್ಲಿ ಮಂಜಿ ಖಾನರು ಅಕಾಲದಲ್ಲಿ ತೀರಿಕೊಂಡರು. ಮನಸೂರರು ಮತ್ತೆ ಅನಾಥರಾದರು. ಮಂಜಿ ಖಾನರ ತಮ್ಮ ಬುರ್ಜಿ ಖಾನರು ಪಾಠ ಮುಂದುವರಿಸಿದರು. ಬಾಲ್ಯದಲ್ಲಿ ಅಪ್ಪಯ್ಯಸ್ವಾಮಿ, ನೀಲಕಂಠಬುವಾ. ಯೌವನದಲ್ಲಿ ಈ ಸಹೋದರರು. ನಾಲ್ಕು ಸಲ ಮೊದಲ ಸಾಲಿನಲ್ಲಿ ಕುಳಿತು ಪಾಠ ಕಲಿತ ವಿದ್ಯಾರ್ಥಿ ಅವರು.

ನಂತರ ಬಂದದ್ದು ದೀರ್ಘ ಮೌನ. ಮದುವೆ, ಏಳು ಹೆಣ್ಣುಮಕ್ಕಳು, ಒಬ್ಬ ಮಗ. ಧಾರವಾಡದಲ್ಲಿ ಸಂಸಾರ. ಆಕಾಶವಾಣಿಯ ಧಾರವಾಡ ನಿಲಯದಲ್ಲಿ ಸಂಗೀತ ಸಲಹೆಗಾರರಾಗಿ ಕೆಲಸ ಮಾಡಿದರು. ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಅಪಾರ ಭಕ್ತಿ; ಮನೆಗೂ ಇಟ್ಟ ಹೆಸರು ಮೃತ್ಯುಂಜಯ. ಶರಣರ ವಚನಗಳನ್ನು ರಾಗಕ್ಕೆ ಅಳವಡಿಸಿ ಅವರು ಹಾಡಿದ ಬಗೆ ಕನ್ನಡ ಮನೆಗಳಲ್ಲಿ ಇಂದಿಗೂ ಉಳಿದಿದೆ. ಆದರೆ ದೇಶದ ದೊಡ್ಡ ವೇದಿಕೆಗಳು ಅವರನ್ನು ಪೂರ್ತಿಯಾಗಿ ಕಂಡುಕೊಂಡದ್ದು ಅರವತ್ತರ ಹೊಸ್ತಿಲಲ್ಲಿ. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ. ಒಂಬತ್ತನೆಯ ವಯಸ್ಸಿಗೆ ಪ್ರೇಕ್ಷಕರೆದುರು ನಿಂತವನಿಗೆ ತಕ್ಕ ಪ್ರೇಕ್ಷಕರು ಸಿಕ್ಕಿದ್ದು ಅರ್ಧ ಶತಮಾನದ ಮೇಲೆ.

ಅವರ ಗಾಯನದಲ್ಲಿ ನಾಟಕದ ಛಾಯೆ ಹುಡುಕಿದರೆ ಸಿಗದು ಎಂಬುದು ನನಗೆ ಕಾಣುವ ಸೋಜಿಗ. ಅವರದೇ ತಲೆಮಾರಿನಲ್ಲಿ ರಂಗಗೀತೆಯ ಬೆಡಗನ್ನು ಕಛೇರಿಗೆ ತಂದು ಗೆದ್ದವರಿದ್ದರು. ರಾಜಗುರು ಅವರೇ ನಾಟ್ಯಗೀತೆಗಳನ್ನು ಪ್ರೀತಿಯಿಂದ ಹಾಡುತ್ತಿದ್ದರು, ಕೇಳುಗರೂ ಬಯಸುತ್ತಿದ್ದರು. ಮನಸೂರರು ಮಾತ್ರ ರಾಗದೊಳಗೆ ಹೊಕ್ಕರೆ ಸಭೆಯನ್ನು ಮರೆತೇಬಿಡುತ್ತಿದ್ದರು. ರಮಿಸುವ ಉದ್ದೇಶವಿಲ್ಲ, ಚಪ್ಪಾಳೆಗೆಂದು ಕಾಯುವ ವಿರಾಮವಿಲ್ಲ. ಚಿಕ್ಕಂದಿನಲ್ಲಿ ಒನ್ಸ್ ಮೋರ್‌ಗಳ ನಡುವೆ ಬೆಳೆದವರು ಅದರಿಂದ ಬಿಡಿಸಿಕೊಳ್ಳಲು ಎಷ್ಟು ದುಡಿದಿರಬೇಕೆಂದು ಊಹಿಸಬಹುದಷ್ಟೆ. ರಂಗದಿಂದ ಅವರು ಉಳಿಸಿಕೊಂಡದ್ದು ಒಂದೇ ಇರಬಹುದು: ಬಾಯಿ ತೆರೆದ ಕ್ಷಣದಲ್ಲೇ ಇಡೀ ಸಭೆಯನ್ನು ಹಿಡಿಯುವ ಆ ಮೊದಲ ಸ್ವರ.

ಹಾಗೆಂದು ಮನಸೂರರ ಉದಾಹರಣೆ ಹಿಡಿದು ಬಾಲ್ಯದಲ್ಲೇ ಮಕ್ಕಳನ್ನು ವೇದಿಕೆಗೆ ಏರಿಸುವುದೇ ಸರಿಯೆಂದು ವಾದಿಸುವವರಿದ್ದಾರೆ. ಗುಬ್ಬಿ ಕಂಪನಿಯ ಬಾಲಕ ಮುತ್ತುರಾಜ ರಾಜ್‌ಕುಮಾರ್ ಆಗಲಿಲ್ಲವೇ, ನಾಲ್ಕನೆಯ ವಯಸ್ಸಿಗೆ ರಂಗಕ್ಕೆ ಬಂದ ನರಸಿಂಹರಾಜು ನಾಡನ್ನೇ ನಗಿಸಲಿಲ್ಲವೇ ಎಂದು ಕೇಳುತ್ತಾರೆ. ದಡ ಸೇರಿದವರನ್ನು ಮಾತ್ರ ಎಣಿಸುವ ಲೆಕ್ಕ ಇದು. ಮನಸೂರರನ್ನು ಉಳಿಸಿದ್ದು ನಾಟಕವಲ್ಲ, ಸಕಾಲಕ್ಕೆ ಅದರಿಂದ ಹೊರಬಂದದ್ದು. ಬೆನ್ನಿಗೆ ಅಣ್ಣನಿದ್ದ, ಹುಡುಗನ ದುಡಿಮೆಯನ್ನಲ್ಲದೆ ಅವನ ನಾಳೆಯನ್ನು ನೋಡಿದ ಗುರುವಿದ್ದ. ಈ ಎರಡೂ ಇಲ್ಲದ ನೂರಾರು ಹುಡುಗರು ಅದೇ ತಗಡಿನ ಥಿಯೇಟರುಗಳಲ್ಲಿ ಅಷ್ಟೇ ಚೆನ್ನಾಗಿ ಹಾಡಿರಬಹುದು.

ಈ ವಿಷಯದಲ್ಲಿ ಕಾನೂನು ತಡವಾಗಿ ಎಚ್ಚೆತ್ತಿತು. ಚಾಪ್ಲಿನ್ ಅವರ 1921ರ ಚಿತ್ರದಿಂದ ಜಗತ್ಪ್ರಸಿದ್ಧನಾದ ಬಾಲಕ ಜಾಕಿ ಕೂಗನ್ ಪ್ರಾಯಕ್ಕೆ ಬಂದಾಗ ತನ್ನ ಗಳಿಕೆಯೆಲ್ಲ ಮನೆಯವರ ಕೈಯಲ್ಲೇ ಕರಗಿದ್ದನ್ನು ಕಂಡು ಕೋರ್ಟು ಹತ್ತಿದ. 1939ರಲ್ಲಿ ಕ್ಯಾಲಿಫೋರ್ನಿಯಾ ಇದಕ್ಕೆಂದೇ ಕಾಯ್ದೆ ಮಾಡಿತು. ನಮ್ಮಲ್ಲಿ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ನಿಯಮಗಳು ಬಂದವು. ಬಾಲಕಲಾವಿದರಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಕೂಡದು, ಸತತ 27 ದಿನ ಮೀರಕೂಡದು, ಶಾಲೆ ತಪ್ಪಕೂಡದು, ಗಳಿಕೆಯ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು. ಹಣ, ಹೊತ್ತು, ಶಾಲೆ ಇವುಗಳಿಗೆ ನಿಯಮ ಮಾಡಬಹುದು. ನೀಲಕಂಠಬುವಾ ಅವರಂಥವರನ್ನು ಯಾವ ನಿಯಮದಿಂದ ತರುವುದು?

ಹಾನಗಲ್ ತಾಲ್ಲೂಕಿನ ಶೇಷಗಿರಿಯಂಥ ಪುಟ್ಟ ಊರು ಇಂದು ಹವ್ಯಾಸಿ ನಾಟಕಕ್ಕೆ ಹೆಸರಾಗಿದೆ. ಬೆಳಗ್ಗೆ ಶಾಲೆಗೆ, ಹೊಲಕ್ಕೆ ಹೋಗಿ ಸಂಜೆ ಬಣ್ಣ ಹಚ್ಚುವ ಹವ್ಯಾಸಿ ಪದ್ಧತಿ ಮನಸೂರರ ಬಾಲ್ಯದಲ್ಲಿ ಈ ಸೀಮೆಯ ಹುಡುಗರಿಗೆ ಸಿಕ್ಕಿರಲಿಲ್ಲ.

ಮನಸೂರರು ತಮ್ಮ ಬದುಕನ್ನು ‘ನನ್ನ ರಸಯಾತ್ರೆ’ ಎಂಬ ಆತ್ಮಕಥೆಯಲ್ಲಿ ತಾವೇ ಬರೆದಿಟ್ಟಿದ್ದಾರೆ. ಕಲಿಸಿದವರ ಋಣವನ್ನು ಎಲ್ಲೂ ಮರೆಯದ ಪುಸ್ತಕ ಅದು. ಕೊನೆಯ ದಿನಗಳಲ್ಲಿ ಪುಪ್ಪುಸದ ಕಾಯಿಲೆ ಮೈಯನ್ನು ಹಿಂಡಿದರೂ ಹಾಡು ಅವರನ್ನು ಬಿಡಲಿಲ್ಲ. 1992ರ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡಾಗ ವಯಸ್ಸು ಎಂಬತ್ತೊಂದು. ಧಾರವಾಡದ ಅವರ ಮನೆ ಈಗ ಸ್ಮಾರಕವಾಗಿದೆ.