ಡಿಕ್ಕಿಯ ಡಬ್ಬದೊಳಗೆ ಕೂತಿರುವ ಡಾಕ್ಟರ್

ಕಾರಿನ ಡಿಕ್ಕಿಯಲ್ಲಿ ಸಬ್‌ವೂಫರ್ ಇಟ್ಟಿರೋರನ್ನ ನೋಡಿರ್ತೀರ. ಅದನ್ನ ಕೂರಿಸೋ ಮರದ ಡಬ್ಬದಲ್ಲಿ ಎಷ್ಟೋ ಸಲ ಒಂದು ಕೊಳವೆ ಇರುತ್ತೆ, ಅದೇ ಪೋರ್ಟ್. ಆ ಕೊಳವೆ ಎಷ್ಟು ಉದ್ದ ಇರಬೇಕು ಅನ್ನೋ ಲೆಕ್ಕದ ಹಿಂದೆ ಇರೋದು ಒಬ್ಬ ಮಿಲಿಟರಿ ಡಾಕ್ಟರ್. ಹೆಸರು ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಜ್.

ಹುಟ್ಟಿದ್ದು 1821ರ ಆಗಸ್ಟ್ 31ರಂದು, ಪ್ರಷ್ಯಾದ ಪಾಟ್ಸ್‌ಡಾಮ್‌ನಲ್ಲಿ. ತಂದೆ ಶಾಲಾ ಮೇಷ್ಟ್ರು. ಹುಡುಗನಿಗೆ ಬೇಕಾಗಿದ್ದು ಫಿಸಿಕ್ಸ್, ಆದರೆ ಮನೆಯಲ್ಲಿ ಅಷ್ಟು ದುಡ್ಡಿರಲಿಲ್ಲ. ಬರ್ಲಿನ್ನಿನ ಸೈನಿಕ ವೈದ್ಯಕೀಯ ಸಂಸ್ಥೆಯಲ್ಲಿ ಮೆಡಿಸಿನ್ ಓದಿದ್ರೆ ಫೀಸ್ ಇಲ್ಲ. ಷರತ್ತು ಒಂದೇ, ಆಮೇಲೆ ಎಂಟು ವರ್ಷ ಸೈನ್ಯದಲ್ಲಿ ಡಾಕ್ಟರ್ ಆಗಿ ದುಡೀಬೇಕು. 1838ರಲ್ಲಿ ಸೇರಿಬಿಟ್ಟರು. ರ್‍ಯಾಂಕ್ ನೋಡಿ ಬ್ರಾಂಚ್ ತಗೊಂಡ ನಮ್ಮಲ್ಲಿ ತುಂಬಾ ಜನಕ್ಕೆ ಈ ಕಥೆ ಹೊಸದೇನಲ್ಲ.

ಆದರೆ ಅವರು ಫಿಸಿಕ್ಸ್ ಬಿಡಲಿಲ್ಲ. ಮನುಷ್ಯನ ದೇಹವನ್ನೇ ಲ್ಯಾಬ್ ಮಾಡಿಕೊಂಡರು. ಸ್ನಾಯು ಕೆಲಸ ಮಾಡಿದಾಗ ಬಿಸಿ ಎಲ್ಲಿಂದ ಬರುತ್ತೆ ಅಂತ ಕಪ್ಪೆಯ ಕಾಲುಗಳ ಮೇಲೆ ಪ್ರಯೋಗ ಮಾಡ್ತಾ ಮಾಡ್ತಾ, 1847ರಲ್ಲಿ ಶಕ್ತಿಯ ಸಂರಕ್ಷಣೆ ಬಗ್ಗೆ ಪ್ರಬಂಧ ಬರೆದರು. ಆಗ ವಯಸ್ಸು 25. ಆ ಕಾಲದ ದೊಡ್ಡ ಫಿಸಿಕ್ಸ್ ಪತ್ರಿಕೆ ಅದನ್ನ ತಗೊಳ್ಳಲಿಲ್ಲ, ಪುಟ್ಟ ಪುಸ್ತಕವಾಗಿ ಬೇರೆ ಕಡೆ ಅಚ್ಚಾಯಿತು. ಮರುವರ್ಷ ಸೈನ್ಯದಿಂದ ಅವಧಿಗೆ ಮುಂಚೆಯೇ ಬಿಡುಗಡೆ ಸಿಕ್ಕಿತು. ಕೋನಿಗ್ಸ್‌ಬರ್ಗ್‌ನಲ್ಲಿ ಶರೀರಶಾಸ್ತ್ರ ಕಲಿಸುತ್ತಾ, ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಹೋಗುತ್ತೆ ಅಂತ ಅಳೆದರು. 1851ರಲ್ಲಿ ಕಣ್ಣಿನ ಒಳಭಾಗ ನೋಡೋ ಆಫ್ತಾಲ್ಮೋಸ್ಕೋಪ್ ಪರಿಚಯಿಸಿದರು.

ಕಣ್ಣಾದ ಮೇಲೆ ಕಿವಿ. ಒಂದು ಸ್ವರದೊಳಗೆ ಹಲವು ಫ್ರೀಕ್ವೆನ್ಸಿಗಳು ಬೆರೆತಿರುತ್ತವೆ. ಅವುಗಳಲ್ಲಿ ಒಂದನ್ನೇ ಹೆಕ್ಕಿ ಕೇಳೋದು ಹೇಗೆ? ಅವರು ಬಳಸಿದ್ದು ಟೊಳ್ಳು ಗೋಳ. ಒಂದು ಕಡೆ ತೆರೆದ ಬಾಯಿ, ಇನ್ನೊಂದು ಕಡೆ ಕಿವಿಗೆ ಸಿಗಿಸೋಕೆ ಸಣ್ಣ ಮೂತಿ. ಮೂತಿಗೆ ಮೆತ್ತಗಾದ ಅರಗು ಹಚ್ಚಿ ಕಿವಿಗೆ ಸರಿಯಾಗಿ ಕೂರುವಂತೆ ಮಾಡ್ತಿದ್ರು. ಗೋಳದ ಸ್ವಂತ ಫ್ರೀಕ್ವೆನ್ಸಿ ಹೊರಗಿನ ಸದ್ದಿನಲ್ಲಿ ಇದ್ರೆ ಮಾತ್ರ ಅದು ಜೋರಾಗಿ ಮೊಳಗುತ್ತೆ. 1859ರಲ್ಲಿ ಹೆಂಡತಿ ಓಲ್ಗಾ ತೀರಿಕೊಂಡರು, ಇಬ್ಬರು ಚಿಕ್ಕ ಮಕ್ಕಳಿದ್ದರು. ಆ ಕಷ್ಟದ ದಿನಗಳ ನಡುವೆಯೂ ಕೆಲಸ ಮುಂದುವರಿಸಿ, 1863ರಲ್ಲಿ ಸ್ವರ ಮತ್ತು ಶ್ರವಣದ ಬಗೆಗಿನ ದೊಡ್ಡ ಪುಸ್ತಕ ಹೊರತಂದರು.

ನಮ್ಮ ಡಬ್ಬಕ್ಕೂ ಅದಕ್ಕೂ ಏನು ಸಂಬಂಧ? ಪೋರ್ಟ್‌ನಲ್ಲಿರೋ ಗಾಳಿ ಒಂದು ತೂಕ, ಡಬ್ಬದೊಳಗಿನ ಗಾಳಿ ಒಂದು ಸ್ಪ್ರಿಂಗ್. ಎರಡೂ ಸೇರಿ ಒಂದು ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಅಲ್ಲಾಡುತ್ತವೆ. ಕೊಳವೆ ಉದ್ದ ಆದಷ್ಟೂ, ಡಬ್ಬ ದೊಡ್ಡದಾದಷ್ಟೂ ಆ ಫ್ರೀಕ್ವೆನ್ಸಿ ಇಳಿಯುತ್ತೆ, ಕೊಳವೆ ಅಗಲ ಆದಷ್ಟೂ ಏರುತ್ತೆ. 50 ಲೀಟರ್ ಡಬ್ಬಕ್ಕೆ 10 ಸೆಂ.ಮೀ. ವ್ಯಾಸದ, 31 ಸೆಂ.ಮೀ. ಉದ್ದದ ಪೋರ್ಟ್ ಇಟ್ರೆ ಸುಮಾರು 35 ಹರ್ಟ್ಜ್ ಸಿಗುತ್ತೆ. ಅದೇ ಕೊಳವೆಯನ್ನ ಅರ್ಧ ಮಾಡಿದ್ರೆ ಸುಮಾರು 45. ಟ್ಯೂನಿಂಗ್‌ಗಿಂತ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಕೋನ್‌ಗೆ ಡಬ್ಬದ ಗಾಳಿಯ ಹಿಡಿತ ತಪ್ಪುತ್ತೆ, ವಾಲ್ಯೂಮ್ ಜಾಸ್ತಿ ಇದ್ರೆ ಸ್ಪೀಕರೇ ಹಾಳಾಗಬಹುದು. ಲೌಡ್‌ಸ್ಪೀಕರ್‌ಗೆ ಇಂಥ ಪೋರ್ಟ್ ಡಬ್ಬದ ಪೇಟೆಂಟ್ ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್‌ಗೆ ಸಿಕ್ಕಿದ್ದು 1932ರಲ್ಲಿ.

ಅಷ್ಟರಲ್ಲಿ ಡಾಕ್ಟರ್ ಹೋಗಿ ಮೂವತ್ತೆಂಟು ವರ್ಷ ಆಗಿತ್ತು. 1894ರ ಸೆಪ್ಟೆಂಬರ್ 8ರಂದು ಅವರು ತೀರಿಕೊಂಡರು. ಅದಕ್ಕೂ ಮುಂಚೆ, 1871ರಲ್ಲಿ, ಬರ್ಲಿನ್ ವಿಶ್ವವಿದ್ಯಾಲಯ ಅವರನ್ನ ಪ್ರೊಫೆಸರ್ ಆಗಿ ಕರೆಸಿಕೊಂಡಿತ್ತು. ವಿಭಾಗ ಯಾವುದು ಗೊತ್ತಾ? ಫಿಸಿಕ್ಸ್. ಮೆಡಿಸಿನ್‌ಗೆ ಸೇರಿ 33 ವರ್ಷ ಆದ ಮೇಲೆ! ರೇಡಿಯೋ ತರಂಗಗಳನ್ನ ತೋರಿಸಿಕೊಟ್ಟ ಹೈನ್‌ರಿಕ್ ಹರ್ಟ್ಜ್ ಅಲ್ಲಿ ಅವರ ಶಿಷ್ಯ. ನಾವು ಪೋರ್ಟ್ ಟ್ಯೂನ್ ಮಾಡೋ ಲೆಕ್ಕ ಗುರುವಿನದು, ಆ ಲೆಕ್ಕದ ಉತ್ತರವನ್ನ ಅಳೆಯೋ ಯೂನಿಟ್‌ನ ಹೆಸರು ಶಿಷ್ಯನದು.

ಹಾಗಾಗಿ ಡಬ್ಬ ಮಾಡೋರು ಪ್ಲೈವುಡ್ ಕೊಯ್ಯೋ ಮುಂಚೆ ಒಂದು ಪೇಪರ್ ತಗೊಂಡು ಲೆಕ್ಕ ಹಾಕಿ.